ಕಂಪನಿಯ ಯಜಮಾನ, ರಂಗದ ಮೇಲಿನ ಕಳ್ಳ

ತುಮಕೂರು ಸೀಮೆಯ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಊರ ದೇವರ ಹೆಸರು ಹೊತ್ತು ‘ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’ವಾಯಿತು. ಕಟ್ಟಿದವರಲ್ಲಿ ಚಂದಣ್ಣನವರಿದ್ದರು, ಅಬ್ದುಲ್ ಅಜೀಜ್ ಸಾಹೇಬರೂ ಇದ್ದರು. ದೇವರ ಕೃಪೆಯನ್ನು ಹೆಸರಲ್ಲೇ ಇಟ್ಟುಕೊಂಡ ಸಂಘಕ್ಕೆ ಒಬ್ಬ ಸಾಹೇಬರು ಹೆಗಲು ಕೊಟ್ಟದ್ದು ಅಂದಿನವರಿಗೆ ದೊಡ್ಡ ಸುದ್ದಿಯಾಗಿರಲಿಲ್ಲ. ಇಂದು ನಾವದನ್ನು ಎತ್ತಿ ಹೇಳಬೇಕು.

ಈ ಸಂಘಕ್ಕೆ ಪುಟ್ಟ ಹುಡುಗನಾಗಿ ಸೇರಿದ ವೀರಣ್ಣ ಬಾಲಪಾರ್ಟುಗಳಿಂದ ಮೇಲೆ ಬಂದು, 1917ರಲ್ಲಿ ಯಜಮಾನಿಕೆಯನ್ನೇ ಹೊತ್ತರು. ಅಲ್ಲಿಂದ ಮುಂದೆ ಗುಬ್ಬಿ ಕಂಪನಿಯ ಚರಿತ್ರೆ ಬೇರೆಯಲ್ಲ, ವೀರಣ್ಣನವರ ಬದುಕು ಬೇರೆಯಲ್ಲ.

ನನ್ನನ್ನು ಇವತ್ತಿಗೂ ಹಿಡಿದು ನಿಲ್ಲಿಸುವುದು ಅವರು ಆರಿಸಿಕೊಂಡ ಪಾತ್ರಗಳು. ಕಂಪನಿ ನಾಟಕವೆಂದರೆ ಸಂಗೀತ, ಕಂಠವಿದ್ದವನೇ ರಾಜ. ಕಾಲು ಹಾರ್ಮೋನಿಯಂ ಮೇಲೆ ಶ್ರುತಿ ಹಿಡಿಯುತ್ತಿದ್ದಂತೆ ಕಿರೀಟ ತೊಟ್ಟವನು ಕಂದಪದ್ಯ ಎತ್ತಬೇಕು, ಸಭೆಯಿಂದ ‘ಒನ್ಸ್‌ಮೋರ್’ ಕೇಳಬೇಕು. ಯಜಮಾನನಾದವನು ಕಿರೀಟವನ್ನು ತನಗೇ ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ವೀರಣ್ಣನವರು ಹಾಸ್ಯದ ಪಾತ್ರಗಳಿಗೆ ನಿಂತರು. ‘ಸದಾರಮೆ’ ನಾಟಕದ ಕಳ್ಳ ಅವರ ಕೈಯಲ್ಲಿ ನಾಡಿನ ಮನೆಮಾತಾದ.

ಆ ದೃಶ್ಯ ನಡೆಯುವುದು ಕಾಡಿನಲ್ಲಿ. ಗಂಡನಿಂದ ಅಗಲಿದ ಸದಾರಮೆ ಕಳ್ಳನ ಕೈಗೆ ಸಿಕ್ಕಿದ್ದಾಳೆ. ಕಥೆಯ ಪ್ರಕಾರ ನೋಡುವವರ ಎದೆ ನಡುಗಬೇಕು. ಆದರೆ ಇವನು ಮಾತಿಗೆ ಮಾತು ಬೆಳೆಸುತ್ತ, ಅವಳನ್ನು ಒಲಿಸಿಕೊಳ್ಳಲು ಹೋಗಿ ತಾನೇ ಮರುಳಾಗುವ ಕಳ್ಳ. ಅವಳು ಜಾಣೆ, ಇವನಿಗೆ ಆಸೆ ಹೆಚ್ಚು ಬುದ್ಧಿ ಕಡಿಮೆ. ಬರೆದಿಟ್ಟ ಮಾತು ಎಲ್ಲಿ ಮುಗಿಯಿತು, ನಟ ಆ ಕ್ಷಣಕ್ಕೆ ಹುಟ್ಟಿಸಿಕೊಂಡ ಮಾತು ಎಲ್ಲಿ ಶುರುವಾಯಿತು ಎಂದು ನೋಡುವವರಿಗೆ ತಿಳಿಯಬಾರದು. ಎದುರು ನಿಂತ ನಟಿ ಒಂದು ಗಳಿಗೆ ತಡವರಿಸಿದರೂ ದೃಶ್ಯ ಬಿದ್ದುಹೋಗುತ್ತದೆ. ಗಂಡಸರೇ ಸೀರೆ ಉಟ್ಟು ಸ್ತ್ರೀಪಾತ್ರ ಮಾಡುವ ರೂಢಿಯ ನಡುವೆ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದ ಕಂಪನಿ ಇದು. ವೀರಣ್ಣನವರ ಪತ್ನಿ ಬಿ. ಜಯಮ್ಮನವರ ಅಭಿನಯವನ್ನು ಆ ಹಿನ್ನೆಲೆಯಲ್ಲೇ ತೂಗಬೇಕು. ಮುಂದೆ ಮೊಮ್ಮಗಳು ಬಿ. ಜಯಶ್ರೀ ತಮ್ಮ ‘ಸ್ಪಂದನ’ ತಂಡದಿಂದ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ಅಜ್ಜನ ಕಳ್ಳನ ಪಾತ್ರವನ್ನು ತಾವೇ ಹಾಕಿದರು. ಗಂಡು ಹೆಣ್ಣಾಗುತ್ತಿದ್ದ ರಂಗದಲ್ಲಿ ಹೆಣ್ಣೊಬ್ಬಳು ಅಜ್ಜನ ಮೀಸೆ ಅಂಟಿಸಿಕೊಂಡು ನಿಂತಳಲ್ಲ, ಈ ಮನೆತನಕ್ಕೆ ಅದಕ್ಕಿಂತ ದೊಡ್ಡ ಗೌರವ ನನಗಂತೂ ಕಾಣುವುದಿಲ್ಲ.

ನಗಿಸುವುದರಲ್ಲಿ ಇದ್ದ ಧೈರ್ಯವೇ ವೈಭವದಲ್ಲೂ ಇತ್ತು. 1934ರಲ್ಲಿ ಬೆಂಗಳೂರಿನಲ್ಲಿ ಆಡಿದ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳೇ ಬಂದವು. ಬಣ್ಣದ ಪರದೆಯ ಮೇಲೆ ಬರೆದ ಆನೆಗೆ ಒಗ್ಗಿದ್ದ ಕಣ್ಣುಗಳ ಮುಂದೆ ಜೀವಂತ ಆನೆ ನಿಂತ ಆ ನಾಟಕದ ಮಾತು ತಲೆಮಾರು ದಾಟಿ ಬಂದಿದೆ. ಇದು ಬರೀ ಆಡಂಬರವೆಂದು ಮೂಗು ಮುರಿದವರುಂಟು. ನಾನು ಒಪ್ಪಲಾರೆ. ಚೀಟಿ ಕೊಂಡು ನೆಲದ ಮೇಲೆ ಕೂತ ರೈತನಿಗೂ ಅರಮನೆಯಲ್ಲಿ ಸಿಗುವಂಥ ನೋಟ ಸಿಗಲಿ ಎಂಬ ಹಟ ಅದರ ಹಿಂದಿತ್ತು.

ಸಿನಿಮಾಕ್ಕೂ ಅದೇ ಹಟದಲ್ಲಿ ಕೈಹಾಕಿದರು, ಆದರೆ ಕಾಲ ಕೈಕೊಟ್ಟಿತು. ಬೆಂಗಳೂರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ ‘ಹರಿಮಾಯ’ದಂಥ ಮೂಕಿ ಚಿತ್ರಗಳನ್ನು ತೆಗೆಯುತ್ತಿದ್ದ ಹೊತ್ತಿಗೇ, 1931ರಲ್ಲಿ, ‘ಆಲಂ ಆರಾ’ ಬಂದು ತೆರೆಗೆ ಮಾತು ಕೊಟ್ಟಿತ್ತು. ವೀರಣ್ಣನವರು ಬಿಡಲಿಲ್ಲ. ‘ಸದಾರಮೆ’ 1935ರಲ್ಲಿ ತೆರೆಗೆ ಬಂತು. ‘ಸುಭದ್ರಾ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’, ‘ಗುಣಸಾಗರಿ’ ಒಂದರ ಹಿಂದೊಂದು ಬಂದವು. ಕನ್ನಡ ಚಿತ್ರವೆಂದರೆ ವರ್ಷಕ್ಕೆ ಬೆರಳೆಣಿಕೆಯಷ್ಟೂ ಇಲ್ಲದ ಕಾಲ ಅದು.

ಆಮೇಲೆ 1954. ‘ಬೇಡರ ಕಣ್ಣಪ್ಪ’. ಎಚ್.ಎಲ್.ಎನ್. ಸಿಂಹ ನಿರ್ದೇಶಕರು. ಗುಬ್ಬಿ ಕಂಪನಿಯಲ್ಲಿ ಪೌರಾಣಿಕ ಪಾತ್ರಗಳಿಗೆ ಹೆಸರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಅಪ್ಪನ ಹಿಂದೆ ಕಂಪನಿಗೆ ಬಂದು ಬಣ್ಣ ಹಚ್ಚಲು ಕಲಿತ ಹುಡುಗ, ಈ ಚಿತ್ರದಿಂದ ರಾಜಕುಮಾರ್ ಆದರು. ಅದೇ ಚಿತ್ರದಲ್ಲಿದ್ದ ನರಸಿಂಹರಾಜು, ಜಿ.ವಿ. ಅಯ್ಯರ್ ಇಬ್ಬರೂ ಈ ಕಂಪನಿಯ ಅನ್ನ ಉಂಡವರೇ. ರಾಜಕುಮಾರರ ಮಾತಿನ ಶುದ್ಧಿ, ಪದ್ಯವನ್ನು ಅರ್ಥ ಒಡೆದು ಹೇಳುವ ರೀತಿ, ಕೊನೆಯ ಸಾಲಿನವನಿಗೂ ಮುಟ್ಟುವ ದನಿ, ಇವು ಸ್ಟುಡಿಯೋದಲ್ಲಿ ಬಂದವಲ್ಲ. ಮೈಕಿಲ್ಲದೆ ರಾತ್ರಿಯೆಲ್ಲ ಆಡುತ್ತಿದ್ದ ಕಂಪನಿಗಳ ಶಾಲೆಯಲ್ಲಿ ಬಂದವು.

ಹೊಗಳಿಕೆಯ ಜೊತೆಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಕಂಪನಿ ನಾಟಕವನ್ನು ಸಿನಿಮಾ ನುಂಗಿತು ಎನ್ನುತ್ತೇವೆ. ಆ ಸಿನಿಮಾಕ್ಕೆ ನಟರನ್ನೂ, ಹಣವನ್ನೂ, ಕಥೆಯನ್ನೂ ಕೊಟ್ಟವರಲ್ಲಿ ವೀರಣ್ಣನವರೇ ಮುಂದಿದ್ದರು. ತಾವು ತಯಾರು ಮಾಡಿದವರು ಕ್ಯಾಂಪು ಬಿಟ್ಟು ಮದರಾಸಿನ ರೈಲು ಹತ್ತುವ ದಾರಿಯನ್ನು ತಾವೇ ಹಾಕಿಕೊಟ್ಟರು. ಅದರಿಂದ ಕಂಪನಿ ಸೊರಗಿತು, ನಿಜ. ಕನ್ನಡ ಚಿತ್ರರಂಗ ನಿಂತದ್ದೂ ಅದರಿಂದಲೇ.

ಯಾರನ್ನೂ ಕಟ್ಟಿಹಾಕುವುದು ಅವರಿಗೆ ಗೊತ್ತಿರಲಿಲ್ಲ ಎಂಬುದಕ್ಕೆ ಬಿ.ವಿ. ಕಾರಂತರ ಪ್ರಸಂಗವೊಂದೇ ಸಾಕು. ದಕ್ಷಿಣ ಕನ್ನಡದ ಹಳ್ಳಿಯಿಂದ ಮನೆ ಬಿಟ್ಟು ಓಡಿಬಂದ ಹುಡುಗನಿಗೆ ಕಂಪನಿ ಅನ್ನ ಕೊಟ್ಟಿತು, ಪಾರ್ಟು ಕೊಟ್ಟಿತು. ಹುಡುಗನಿಗೆ ಓದಿನ ಹಸಿವೂ ಇದೆಯೆಂದು ಕಂಡ ವೀರಣ್ಣನವರು ಅವನನ್ನು ಹಿಂದಿ ಎಂ.ಎ. ಮಾಡಲು ಕಾಶಿಗೆ ಕಳಿಸಿದರು. ಓದಿ ಬಂದವನು ಕಂಪನಿಯ ಗಲ್ಲಾಪೆಟ್ಟಿಗೆಗೆ ದುಡಿಯುತ್ತಾನೆಂಬ ಲೆಕ್ಕ ಅದರಲ್ಲಿ ಇದ್ದಿರಲಾರದು.

ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷ ಅಕ್ಟೋಬರ್ 18ರಂದು ತೀರಿಕೊಂಡರು. ಅದರ ಹಿಂದಿನ ವರ್ಷವಷ್ಟೇ ‘ವಂಶವೃಕ್ಷ’ ಬಿಡುಗಡೆಯಾಗಿತ್ತು. ಹೊಸ ಅಲೆಯ ಆ ಚಿತ್ರದ ನಿರ್ಮಾಪಕರು ಜಿ.ವಿ. ಅಯ್ಯರ್, ಗಿರೀಶ ಕಾರ್ನಾಡರ ಜೊತೆ ನಿರ್ದೇಶಿಸಿದವರು ಕಾರಂತರು. ಇಬ್ಬರೂ ಗುಬ್ಬಿ ಕಂಪನಿಯ ಹುಡುಗರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ನಟರಿಗೆ ತಿಂಗಳ ಸಂಬಳ ಕೊಟ್ಟು, ಹಾಡು ಕಲಿಸಿ, ಮೈ ಪಳಗಿಸಿ, ವರ್ಷವಿಡೀ ನಾಟಕ ಆಡಿಸುವ ಆ ಏರ್ಪಾಡನ್ನು ಕಂಡ ಕಂಪನಿಯ ಹಳಬರಾರೂ ಅದನ್ನು ಹೊಸದೆಂದು ಎಣಿಸಿರಲಾರರು.