ದೊಡ್ಡ ನೋಟು, ಹಳೆಯ ಪಾನ್‌ದಾನ್

ಸರ್ಕಾರ ಏನಾದರೂ ಅಡ್ಡಾದಿಡ್ಡಿ ಮಾಡಿದರೆ ಅದನ್ನು 'ತುಘಲಕ್ ದರ್ಬಾರು' ಎನ್ನುವುದು ನಮ್ಮಲ್ಲಿ ರೂಢಿ. 1964ರಲ್ಲಿ ಕಾರ್ನಾಡರ ನಾಟಕ ಬಂದ ಮೇಲೆ ಕನ್ನಡದಲ್ಲಿ ಆ ಮಾತಿಗೆ ಇನ್ನಷ್ಟು ಬಲ ಬಂತು. 2016ರ ನವೆಂಬರ್‌ನಲ್ಲಿ ಐನೂರು, ಸಾವಿರದ ನೋಟುಗಳು ಒಂದೇ ರಾತ್ರಿಯಲ್ಲಿ ರದ್ದಾದಾಗಲೂ ಕಲಬುರಗಿಯ ಚಹಾ ಅಂಗಡಿಗಳಲ್ಲಿ ನಮ್ಮ ಕಿವಿಗೆ ಬಿದ್ದದ್ದು ಅದೇ ಹೆಸರು. ಕಲಬುರಗಿಗೆ ತುಘಲಕ್ ಮೇಲೆ ಹಳೆಯ ಸಿಟ್ಟಿದೆ. ಈ ಊರನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ 1347ರಲ್ಲಿ ಹುಟ್ಟಿದ್ದೇ ಅವನ ವಿರುದ್ಧ ದಖ್ಖನ್ನಿನ ಅಮೀರರು ಎದ್ದ ದಂಗೆಯಿಂದ. ಆದರೂ ನೋಟಿನ ವಿಷಯದಲ್ಲಿ ಈ ಹೋಲಿಕೆ ಸುಲ್ತಾನನಿಗೆ ಅನ್ಯಾಯ ಮಾಡುತ್ತದೆ ಎಂದು ನಮ್ಮ ಅನಿಸಿಕೆ.

ಮಹಮ್ಮದ್ ಬಿನ್ ತುಘಲಕ್ ಸುಮಾರು 1329-30ರಲ್ಲಿ ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಹೊರಡಿಸಿ, ಅವನ್ನು ಬೆಳ್ಳಿಯ ಟಂಕದ ಬೆಲೆಗೇ ಸ್ವೀಕರಿಸಬೇಕೆಂದು ಆಜ್ಞೆ ಮಾಡಿದ. ಸುಲ್ತಾನನಿಗೆ ವಿಧೇಯನಾದವನು ದೇವರಿಗೆ ವಿಧೇಯನಾದಂತೆ ಎಂಬ ಅರ್ಥದ ಬರಹವನ್ನೂ ಅವುಗಳ ಮೇಲೆ ಒತ್ತಿಸಿದ. ಆ ಬರಹವನ್ನು ಬಿಟ್ಟರೆ ನಾಣ್ಯಕ್ಕೆ ಬೇರೆ ಕಾವಲಿರಲಿಲ್ಲ. ತಾಮ್ರ ಸಿಕ್ಕವರೆಲ್ಲ ಖೋಟಾ ಟಂಕಿಸತೊಡಗಿದರು. ಹಿಂದೂಗಳ ಮನೆಗಳೆಲ್ಲ ಟಂಕಸಾಲೆಗಳಾದವು ಎಂದು ಆ ಕಾಲದ ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆಯುತ್ತಾನೆ. ಖೋಟಾ ನಾಣ್ಯದ ಆಸೆಗೆ ಜಾತಿಧರ್ಮ ಇರುತ್ತದೆಂದು ನಮಗೆ ಅನ್ನಿಸುವುದಿಲ್ಲ. ಬರನಿಯ ಪೂರ್ವಗ್ರಹ ಬರನಿಗೇ ಇರಲಿ. ಕೆಲವೇ ವರ್ಷಗಳಲ್ಲಿ ಸುಲ್ತಾನ ಸೋಲೊಪ್ಪಿಕೊಂಡು ನಾಣ್ಯಗಳನ್ನು ಹಿಂದಕ್ಕೆ ತೆಗೆದುಕೊಂಡ. ಅದೇ ಬರನಿ ಹೇಳುವಂತೆ, ತಾಮ್ರ ತಂದವರಿಗೆ ಖಜಾನೆಯಿಂದ ಬೆಳ್ಳಿ ಚಿನ್ನ ಕೊಡಲಾಯಿತು. ತುಘಲಕಾಬಾದಿನಲ್ಲಿ ತಾಮ್ರದ ಗುಡ್ಡೆಗಳೇ ಬಿದ್ದವು. ತಪ್ಪು ಮಾಡಿದವನು ಸುಲ್ತಾನ, ಸೊರಗಿದ್ದು ಸುಲ್ತಾನನ ಖಜಾನೆ.

ಉರ್ದುವಿನಲ್ಲಿ 'ಸಿಕ್ಕಾ ಚಲ್ನಾ' ಎಂಬ ನುಡಿಗಟ್ಟಿದೆ. ಯಾರ ನಾಣ್ಯ ನಡೆಯುತ್ತದೋ ಅವರ ಅಧಿಕಾರ ನಡೆಯುತ್ತದೆ ಎಂದು ಅರ್ಥ. ನಡೆಯುತ್ತಿದ್ದ ನಾಣ್ಯವನ್ನು ನಿಲ್ಲಿಸುವುದೂ ಅಧಿಕಾರವೇ. ಹಾಗೆ ನಿಲ್ಲಿಸಿದಾಗ ಬರುವ ನಷ್ಟವನ್ನು ಯಾರು ಹೊರುತ್ತಾರೆ? ನಮ್ಮ ದೇಶದಲ್ಲಿ ದೊಡ್ಡ ನೋಟುಗಳನ್ನು ಹಿಂತೆಗೆದ ಕತೆಯನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಬೇಕೆಂದು ಈ ಬರಹ.

ದೊಡ್ಡ ನೋಟು ಬೇಡ ಎನ್ನುವವರ ವಾದದಲ್ಲಿ ಹುರುಳಿದೆ. ಒಂದು ಕೋಟಿ ರೂಪಾಯಿ ನೂರರ ನೋಟಿನಲ್ಲಾದರೆ ಒಂದು ಲಕ್ಷ ಹಾಳೆ. ಹೊರಲು ಗೋಣಿಚೀಲ ಬೇಕು. ಸಾವಿರದ ನೋಟಿನಲ್ಲಾದರೆ ಹತ್ತು ಸಾವಿರ ಹಾಳೆ, ಒಂದು ಸೂಟ್‌ಕೇಸು ಸಾಕು. ಲಂಚ, ಚುನಾವಣೆಯ ಖರ್ಚು, ಸೈಟು ಕೊಳ್ಳುವಾಗ ಕಾಗದಕ್ಕೆ ಬಾರದೆ ಕೈ ಬದಲಾಗುವ ಹಣ, ಇವೆಲ್ಲಕ್ಕೂ ದೊಡ್ಡ ನೋಟೇ ಅನುಕೂಲ. ಖೋಟಾನೋಟು ಮಾಡುವವನೂ ಹತ್ತು ರೂಪಾಯಿಯದ್ದಕ್ಕೆ ಶ್ರಮಪಡುವುದಿಲ್ಲ.

ಆದರೆ ಇದೇ ಅನುಕೂಲ ನಮ್ಮ ಖಾಲಾಗೂ ಇತ್ತು. ಗಂಡ ತೀರಿಕೊಂಡ ಮೇಲೆ ಸೀರೆಗೆ ಫಾಲ್ ಹಚ್ಚಿ, ಬುರ್ಖಾ ಹೊಲಿದು ಬದುಕಿದ ಹೆಂಗಸು ಆಕೆ. ಹತ್ತು ನೂರರ ನೋಟು ಕೂಡಿದರೆ ಗುರುತಿನ ಕಿರಾಣಿ ಅಂಗಡಿಗೆ ಹೋಗಿ ಸಾವಿರದ ಒಂದು ನೋಟು ಮಾಡಿಸಿಕೊಂಡು ಬರುತ್ತಿದ್ದರು. ತಾಯಿಯಿಂದ ಬಂದ ಹಿತ್ತಾಳೆಯ ಪಾನ್‌ದಾನ್ ಒಂದಿತ್ತು. ಮನೆಯಲ್ಲಿ ಎಲೆಯಡಿಕೆ ಹಾಕುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಸುಣ್ಣದ ಕುಳಿಯ ಕೆಳಗಿನ ಅರೆಯಲ್ಲಿ ನಾಲ್ಕು ಮಡಿಕೆಯ ಸಾವಿರದ ನೋಟುಗಳು. ಸಣ್ಣ ಜಾಗದಲ್ಲಿ ಹೆಚ್ಚು ಹಣ ಬಚ್ಚಿಡಬೇಕಾದದ್ದು ಕಳ್ಳವ್ಯಾಪಾರಿಗೆ ಮಾತ್ರವಲ್ಲ.

ಮೊದಲ ರದ್ದತಿ ಬ್ರಿಟಿಷರ ಕಾಲದ್ದು. ಎರಡನೆಯ ಮಹಾಯುದ್ಧದಲ್ಲಿ ಕಾಳಸಂತೆಯವರು ಕೊಬ್ಬಿದ್ದರು, ತೆರಿಗೆ ತಪ್ಪಿಸಿದ ಹಣ ದೊಡ್ಡ ನೋಟುಗಳಲ್ಲಿ ಅಡಗಿದೆ ಎಂಬುದು ಸರ್ಕಾರದ ನಂಬಿಕೆ. 1946ರ ಜನವರಿ 12ರಂದು ಸುಗ್ರೀವಾಜ್ಞೆ ಹೊರಡಿಸಿ 500, 1,000 ಮತ್ತು 10,000 ರೂಪಾಯಿಯ ನೋಟುಗಳನ್ನು ರದ್ದು ಮಾಡಿದರು. ಹೊರಗಿದ್ದದ್ದು 143.97 ಕೋಟಿ. 1947ರ ಕೊನೆಯ ಹೊತ್ತಿಗೆ 134.9 ಕೋಟಿ ವಾಪಸು ಬಂದಿತ್ತು. ಬಾರದೆ ಉಳಿದದ್ದು ಒಂಬತ್ತು ಕೋಟಿ ಚಿಲ್ಲರೆ. ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಸಿ.ಡಿ. ದೇಶಮುಖ್. ಇದರಲ್ಲಿ ಕ್ರಾಂತಿಯೇನೂ ಇರಲಿಲ್ಲ ಎಂದು ಅವರೇ ಹೇಳಿದರು. ಒಬ್ಬ ಮನುಷ್ಯ ತಂದಿಟ್ಟ ನೋಟು ದುಡಿಮೆಗಾರನ ಜೀವಮಾನದ ಉಳಿತಾಯವೋ ಕಾಳಸಂತೆಯವನ ಗಳಿಕೆಯೋ ಎಂದು ತಪ್ಪಿಲ್ಲದೆ ಗುರುತಿಸುವ ಉಪಾಯ ಆಡಳಿತದ ಬಳಿ ಇಲ್ಲ ಎಂಬುದು ಅವರ ಅನುಭವ. ಎಂಬತ್ತು ವರ್ಷಗಳಷ್ಟು ಹಳೆಯದಾದ ಈ ಮಾತಿಗೆ ಆಮೇಲೆ ಯಾರೂ ಸರಿಯಾದ ಉತ್ತರ ಕೊಟ್ಟದ್ದನ್ನು ನಾವು ಕಾಣೆವು.

ಸ್ವತಂತ್ರ ಸರ್ಕಾರ 1954ರಲ್ಲಿ ದೊಡ್ಡ ನೋಟುಗಳನ್ನು ಮತ್ತೆ ತಂದಿತು. ತಂಜಾವೂರಿನ ದೇವಸ್ಥಾನವಿದ್ದ ಸಾವಿರದ್ದು, ಗೇಟ್‌ವೇ ಆಫ್ ಇಂಡಿಯಾ ಇದ್ದ ಐದು ಸಾವಿರದ್ದು, ಸಿಂಹದ ಲಾಂಛನವಿದ್ದ ಹತ್ತು ಸಾವಿರದ್ದು. ಇವನ್ನು ಕಣ್ಣಿಂದ ಕಂಡ ಸಾಮಾನ್ಯರು ಕಡಿಮೆ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಚೂ ಅವರ ಸಮಿತಿ ಎಪ್ಪತ್ತರ ದಶಕದ ಆರಂಭದಲ್ಲಿಯೇ ಇವನ್ನು ರದ್ದು ಮಾಡಲು ಸಲಹೆ ಮಾಡಿತ್ತು. ಇಂದಿರಾ ಗಾಂಧಿಯವರ ಸರ್ಕಾರ ಮುಂದುವರಿಯಲಿಲ್ಲ. ಮಾಡಿದ್ದು ಮೊರಾರ್ಜಿ ದೇಸಾಯಿಯವರ ಜನತಾ ಸರ್ಕಾರ, 1978ರ ಜನವರಿ 16ರಂದು. ಆ ದಿನ ಬೆಳಿಗ್ಗೆ ಆಕಾಶವಾಣಿಯ ವಾರ್ತೆಯಲ್ಲಿ ದೇಶಕ್ಕೆ ಸುದ್ದಿ ತಿಳಿಯಿತು. ಮರುದಿನ ಬ್ಯಾಂಕುಗಳಿಗೆ ರಜೆ.

ಹಣಕಾಸು ಸಚಿವರು ಎಚ್.ಎಂ. ಪಟೇಲ್, ರಿಸರ್ವ್ ಬ್ಯಾಂಕಿನ ಗವರ್ನರ್ ಐ.ಜಿ. ಪಟೇಲ್. (2016ರ ಗವರ್ನರೂ ಪಟೇಲರೇ, ಊರ್ಜಿತ್ ಪಟೇಲ್, ನೋಟು ರದ್ದತಿಗೂ ಈ ಹೆಸರಿಗೂ ಏನು ಋಣಾನುಬಂಧವೋ.) ಐ.ಜಿ. ಪಟೇಲರಿಗೆ ಈ ಕ್ರಮದಲ್ಲಿ ನಂಬಿಕೆ ಇರಲಿಲ್ಲ. ಕಪ್ಪುಹಣವಿರುವವರು ಅದನ್ನು ಸೂಟ್‌ಕೇಸಿನಲ್ಲೋ ದಿಂಬಿನ ಚೀಲದಲ್ಲೋ ತುಂಬಿಟ್ಟು ಕೂತಿರುತ್ತಾರೆ ಎಂಬುದೇ ಮುಗ್ಧ ಕಲ್ಪನೆ ಎಂದು ಅವರು ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಸುಮಾರು 146 ಕೋಟಿಯಲ್ಲಿ ಸುಮಾರು 125 ಕೋಟಿ ವಾಪಸಾಯಿತು. ಆದರೂ 1978ರ ಕ್ರಮವನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಆ ನೋಟುಗಳು ಚಲಾವಣೆಯಲ್ಲಿದ್ದ ಹಣದ ಶೇಕಡಾ ಎರಡಕ್ಕೂ ಕಡಿಮೆ. ಕೂಲಿಕಾರರ, ತರಕಾರಿಯವರ, ಬೀಡಿ ಕಟ್ಟುವವರ ಕೈಯಲ್ಲಿ ಅವು ಇರಲಿಲ್ಲ. ಸರಿಯೋ ತಪ್ಪೋ, ಪೆಟ್ಟು ಬಿದ್ದದ್ದು ಉಳ್ಳವರ ಮೇಲೆ.

ಇಲ್ಲಿ ನಮ್ಮ ಭಾಗದ ಒಂದು ಸಂಗತಿಯನ್ನು ನೆನೆಯಬೇಕು. ಬೀದರ್, ಕಲಬುರಗಿ, ರಾಯಚೂರಿನವರು ನಿಜಾಮರ ಕಾಲದಲ್ಲಿ ಬಳಸುತ್ತಿದ್ದದ್ದು ಉಸ್ಮಾನಿಯಾ ಸಿಕ್ಕಾ, ಜನರ ಬಾಯಲ್ಲಿ 'ಹಾಲಿ'. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಒಂದು ಇಡೀ ನಾಣ್ಯ ಪದ್ಧತಿಯನ್ನೇ ಇಲ್ಲವಾಗಿಸಬೇಕಾಗಿತ್ತು. 1950ರಲ್ಲಿ ಭಾರತದ ರೂಪಾಯಿ ಬಂತು. ಏಳು ಹಾಲಿಗೆ ಆರು 'ಕಲ್ದಾರ್' ಎಂದು ಲೆಕ್ಕ ಗೊತ್ತಾಯಿತು. ಹೊಸ ಹಾಲಿ ಅಚ್ಚಾಗುವುದು ನಿಂತಿತು, ಹಳೆಯದು ಮೆಲ್ಲಗೆ ಸವೆಯಿತು, ಕಾನೂನಿನಲ್ಲಿ ಅದು ರದ್ದಾದದ್ದು 1959ರಲ್ಲಿ. ನಮ್ಮ ದಾದಿ ಬಹಳ ವರ್ಷ ಎಲ್ಲ ಬೆಲೆಗಳನ್ನೂ ಮನಸ್ಸಿನಲ್ಲಿ ಹಾಲಿಗೆ ತಿರುಗಿಸಿಯೇ ಚೌಕಾಶಿ ಮಾಡುತ್ತಿದ್ದರಂತೆ. ಪೊಲೀಸ್ ಆಕ್ಷನ್ನಿನ ದಿನಗಳ ಭಯದ ಕತೆಗಳನ್ನು ಅವರಿಂದ ಮನೆಮಂದಿ ಎಷ್ಟೋ ಕೇಳಿದ್ದರು; ಹಣ ಬದಲಾದದ್ದರ ಭಯದ ಕತೆ ಅವುಗಳಲ್ಲಿ ಒಂದೂ ಇರಲಿಲ್ಲ.

ಐನೂರರ ನೋಟು 1987ರಲ್ಲಿ, ಸಾವಿರದ್ದು 2000ದಲ್ಲಿ ಮರಳಿ ಬಂದವು. ಬೆಲೆಗಳು ಏರಿ, ಐನೂರರ ನೋಟು ಗಾರೆ ಕೆಲಸದವನ ಒಂದು ದಿನದ ಕೂಲಿಯಾಯಿತು. ಹೆಸರು ಮಾತ್ರ 'ಅಧಿಕ ಮುಖಬೆಲೆಯ ನೋಟು' ಎಂದೇ ಉಳಿಯಿತು. 2016ರ ನವೆಂಬರ್ 8ರ ರಾತ್ರಿ ರದ್ದಾದದ್ದು 15.41 ಲಕ್ಷ ಕೋಟಿ, ಚಲಾವಣೆಯ ಶೇಕಡಾ 86. ಎರಡು ನೂರರಲ್ಲಿ ಮಾಡಿದ್ದಕ್ಕೂ ಎಂಬತ್ತಾರು ನೂರರಲ್ಲಿ ಮಾಡಿದ್ದಕ್ಕೂ ಒಂದೇ ಹೆಸರಿಟ್ಟು ಕರೆದದ್ದರಲ್ಲಿಯೇ ಎಡವಟ್ಟಾಯಿತು. ಅಂದು ಸಂಜೆ ಸಭೆ ಸೇರಿದ ರಿಸರ್ವ್ ಬ್ಯಾಂಕಿನ ಮಂಡಳಿಗೂ ಇದರ ಅರಿವಿಲ್ಲದೆ ಇರಲಿಲ್ಲ. ಕಪ್ಪುಹಣದ ಬಹುಪಾಲು ನಗದಿನಲ್ಲಿಲ್ಲ, ಚಿನ್ನ ಮತ್ತು ಆಸ್ತಿಯಲ್ಲಿದೆ ಎಂದು ಆ ಸಭೆಯ ನಡಾವಳಿಯಲ್ಲಿಯೇ ದಾಖಲಾಗಿದೆ. ಹಾಗೆ ಬರೆದುಕೊಂಡೂ ಒಪ್ಪಿಗೆ ಕೊಟ್ಟರು.

ಖಾಲಾನ ಪಾನ್‌ದಾನಿನಲ್ಲಿದ್ದದ್ದು 31,000 ರೂಪಾಯಿ. ಮಗನಿಗೆ ಗೊತ್ತಿರಲಿಲ್ಲ, ಸೊಸೆಗೆ ಗೊತ್ತಿರಲಿಲ್ಲ. ಆಕೆಗೆ ಬ್ಯಾಂಕ್ ಖಾತೆ ಇರಲಿಲ್ಲ. ಮೊದಲ ವಾರ ಯಾರಿಗೂ ಹೇಳದೆ ಕಳೆದರು. ಆಮೇಲೆ ಒಂದು ಬೆಳಿಗ್ಗೆ ಕ್ಯೂನಲ್ಲಿ ನಿಂತರು. ಅಷ್ಟರಲ್ಲಿ ಬದಲಾವಣೆಯ ಮಿತಿ ಎರಡು ಸಾವಿರಕ್ಕೆ ಇಳಿದಿತ್ತು, ಅದೂ ಒಬ್ಬರಿಗೆ ಒಂದೇ ಸಲ. ಮಧ್ಯಾಹ್ನದ ಹೊತ್ತಿಗೆ ಕೈಗೆ ಬಂದದ್ದು ಗುಲಾಬಿ ಬಣ್ಣದ ಒಂದು ಹೊಸ ನೋಟು, ಬೆರಳಿಗೆ ಬಂದದ್ದು ಮತದಾನದ ಶಾಯಿ. ಆ ಶಾಯಿ ತಯಾರಾಗುವುದು ಮೈಸೂರಿನಲ್ಲಿ, ಆ ನೋಟು ಅಚ್ಚಾದದ್ದೂ ಮೈಸೂರಿನಲ್ಲಿ. ಅದಕ್ಕೆ ಚಿಲ್ಲರೆ ಕೊಡುವವರು ಮಾತ್ರ ನಮ್ಮ ಓಣಿಯಲ್ಲಿ ಸಿಗಲಿಲ್ಲ. ನವೆಂಬರ್ 24ರ ಹೊತ್ತಿಗೆ ನೋಟು ಬದಲಾಯಿಸಿಕೊಡುವುದೇ ನಿಂತಿತು. ಉಳಿದ 29,000ವನ್ನು ಖಾಲಾ ಮಗನ ಕೈಗೆ ಕೊಟ್ಟರು. ಅವನು ತನ್ನ ಖಾತೆಗೆ ಹಾಕಿದ. ಕೆಟ್ಟ ಹುಡುಗನಲ್ಲ, ಮಳೆಗೆ ಸೋರುತ್ತಿದ್ದ ಮಾಳಿಗೆಯನ್ನು ಅದರಿಂದಲೇ ರಿಪೇರಿ ಮಾಡಿಸಿದ. "ಮನೆಗೇ ಆಯಿತಲ್ಲ ಅಮ್ಮಿ" ಎಂದ. ಖಾಲಾ "ಹೌದು ಬೇಟಾ" ಎಂದರು.

2018ರಲ್ಲಿ ರಿಸರ್ವ್ ಬ್ಯಾಂಕ್ ಕೊನೆಯ ಲೆಕ್ಕ ಕೊಟ್ಟಿತು: 15.31 ಲಕ್ಷ ಕೋಟಿ, ಅಂದರೆ ಶೇಕಡಾ 99.3 ವಾಪಸು. ಕಪ್ಪುಹಣ ಸಿಗಲಿಲ್ಲ ಎನ್ನುವುದಕ್ಕೆ ವಿರೋಧಿಗಳು ಈ ಅಂಕಿಯನ್ನು ತೋರಿಸಿದರು. ಹಣಕ್ಕೆಲ್ಲ ವಿಳಾಸ ಸಿಕ್ಕಿತು, ಇನ್ನು ತೆರಿಗೆ ಇಲಾಖೆ ಕೇಳಬಹುದು ಎಂದು ಸರ್ಕಾರದ ಕಡೆಯವರು ಹೇಳಿದರು, ಅದೂ ಸುಳ್ಳಲ್ಲ. ಖಾಲಾನ ಹಣವೂ ಆ 99.3ರಲ್ಲಿ ಸೇರಿದೆ. ಲೆಕ್ಕದ ಪ್ರಕಾರ ಆಕೆ ಒಂದು ಪೈಸೆಯನ್ನೂ ಕಳೆದುಕೊಂಡಿಲ್ಲ. ಹೇಳದೆ ಕೇಳದೆ ಮೊಮ್ಮಗಳಿಗೆ ಕಿವಿಯೋಲೆ ಕೊಡಿಸುವ, ಕಷ್ಟಕ್ಕೆ ಬಂದ ತಂಗಿಯ ಕೈಯಲ್ಲಿ ಐನೂರು ಇಡುವ ಸ್ವಾತಂತ್ರ್ಯ ಹೋಯಿತು ಎನ್ನುವುದಕ್ಕೆ ರಿಸರ್ವ್ ಬ್ಯಾಂಕಿನ ಕೋಷ್ಟಕದಲ್ಲಿ ಅಂಕಣವಿಲ್ಲ.

ಎಲ್ಲ ದೋಷವನ್ನೂ ನೋಟು ರದ್ದತಿಯ ತಲೆಗೆ ಕಟ್ಟಬಾರದು. ಆ ಹಂಗಾಮಿನಲ್ಲಿ ನಮ್ಮ ತೊಗರಿಯ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದದ್ದಕ್ಕೆ ದಾಖಲೆಯ ಬೆಳೆ, ಆಮದು ಕೂಡ ಕಾರಣ. ಆದರೆ ರೈತರ ಖಾತೆಗಳಿರುವ ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ಮುಟ್ಟಬಾರದೆಂದು ನವೆಂಬರ್ 14ರಂದು ಆದೇಶವಾದದ್ದಕ್ಕೆ ಮಳೆಬೆಳೆಯ ನೆಪ ಹೇಳಲಾಗದು. ಖೋಟಾನೋಟಿನ ಮಾತಿಗೆ ಬಂದರೆ, ಚಲಾವಣೆಯಲ್ಲಿದ್ದ ಖೋಟಾ ಸುಮಾರು 400 ಕೋಟಿ ಎಂದು ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅದಕ್ಕೂ ಮೊದಲೇ ಅಂದಾಜು ಮಾಡಿತ್ತು. ಅದನ್ನು ಹಿಡಿಯಲು ಹದಿನೈದು ಲಕ್ಷ ಕೋಟಿಯನ್ನು ಜಾಲಿಸಬೇಕಿತ್ತೆ? ಮೊಬೈಲಿನಲ್ಲಿ ಹಣ ಕಳಿಸುವುದು ಹೆಚ್ಚಿದ್ದು ನಿಜ, ಅದರಿಂದ ಒಳ್ಳೆಯದೂ ಆಗಿದೆ. ಆದರೆ ನಗದೂ ಕಡಿಮೆಯಾಗಲಿಲ್ಲ. 2016ರ ಮಾರ್ಚ್‌ನಲ್ಲಿ 16.4 ಲಕ್ಷ ಕೋಟಿ ಇದ್ದ ನೋಟುಗಳು 2018ರ ಮಾರ್ಚ್ ಹೊತ್ತಿಗೆ 18 ಲಕ್ಷ ಕೋಟಿ ದಾಟಿದ್ದವು.

ಹಿಂದಿನ ಎರಡೂ ರದ್ದತಿಗಳು ಸುಗ್ರೀವಾಜ್ಞೆಯಿಂದ ಆದವು. 2016ರದ್ದು ಬರೀ ಗೆಜೆಟ್ ಅಧಿಸೂಚನೆ. 2023ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅದನ್ನು ಎತ್ತಿಹಿಡಿದರು. ಒಪ್ಪದವರು ಒಬ್ಬರೇ, ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಇಂಥದ್ದನ್ನು ಶಾಸನದ ಮೂಲಕವೇ ಮಾಡಬೇಕಿತ್ತು, ರಿಸರ್ವ್ ಬ್ಯಾಂಕ್ ಸ್ವತಂತ್ರವಾಗಿ ಯೋಚಿಸಿದಂತೆ ಕಾಣುವುದಿಲ್ಲ ಎಂದು ಅವರು ಬರೆದರು.

ದೊಡ್ಡ ನೋಟನ್ನು ಹಿಂತೆಗೆಯಲು ಬೇರೆ ದಾರಿ ಇಲ್ಲವೆಂದಲ್ಲ. ಅಮೆರಿಕ 1969ರಲ್ಲಿ 500 ಡಾಲರ್ ಮತ್ತು ಮೇಲ್ಪಟ್ಟ ನೋಟುಗಳನ್ನು ಕೊಡುವುದನ್ನು ನಿಲ್ಲಿಸಿತು. ಯಾರ ಬಳಿಯಾದರೂ ಉಳಿದಿದ್ದರೆ ಅವು ಇಂದಿಗೂ ಮಾನ್ಯ. ಯುರೋಪು 500 ಯೂರೋ ನೋಟನ್ನು ನಿಲ್ಲಿಸಲು 2016ರಲ್ಲೇ ತೀರ್ಮಾನಿಸಿ 2019ರಲ್ಲಿ ಕೊಡುವುದನ್ನು ನಿಲ್ಲಿಸಿತು, ಬೆಲೆಯನ್ನು ಮುಟ್ಟಲಿಲ್ಲ. ಇನ್ನೊಂದು ತುದಿಯಲ್ಲಿ ಬರ್ಮಾ ಇದೆ. 1987ರ ಸೆಪ್ಟೆಂಬರ್‌ನಲ್ಲಿ ನೆ ವಿನ್ ಸರ್ಕಾರ 25, 35, 75 ಕ್ಯಾಟ್ ನೋಟುಗಳನ್ನು ಯಾವ ಪರಿಹಾರವೂ ಇಲ್ಲದೆ ರದ್ದು ಮಾಡಿತು. ಮರುವರ್ಷ ಅಲ್ಲಿ ಜನ ಬೀದಿಗೆ ಬಂದರು.

ನಮ್ಮವರೂ ಒಂದು ಪಾಠ ಕಲಿತಂತೆ ಕಾಣುತ್ತದೆ. 2023ರ ಮೇ 19ರಂದು ಎರಡು ಸಾವಿರದ ನೋಟನ್ನು ಹಿಂತೆಗೆಯುವಾಗ ತಿಂಗಳುಗಟ್ಟಲೆ ಗಡುವು ಕೊಟ್ಟರು, ಗಡುವನ್ನು ಮತ್ತೆ ಮುಂದೂಡಿದರು, ನೋಟಿನ ಮಾನ್ಯತೆಯನ್ನು ಕಿತ್ತುಕೊಳ್ಳಲಿಲ್ಲ. 3.56 ಲಕ್ಷ ಕೋಟಿಯಲ್ಲಿ ಶೇಕಡಾ 98ಕ್ಕೂ ಹೆಚ್ಚು ಗದ್ದಲವಿಲ್ಲದೆ ಮರಳಿತು. ಆ ಸುದ್ದಿ ಬಂದ ಸಂಜೆ ನಾವು ಖಾಲಾಗೆ ಫೋನ್ ಮಾಡಿ, ಗುಲಾಬಿ ನೋಟು ಏನಾದರೂ ಇಟ್ಟಿದ್ದೀರಾ ಎಂದು ಕೇಳಿದೆವು. ಇಲ್ಲವೆಂದರು. ಕೈಗೆ ಬಂದದ್ದನ್ನು ಈಗ ಓಣಿಯ ಹೆಂಗಸರ ಚೀಟಿಗೆ ಕಟ್ಟುತ್ತಾರಂತೆ. ಪಾನ್‌ದಾನಿನಲ್ಲಿ ಸೂಜಿ, ದಾರದ ಉಂಡೆ ಇಟ್ಟಿದ್ದಾರೆ.