ಕೆಪಿಎಫ್‌ಎ: ಕೇಳುಗರ ಹಣದಲ್ಲಿ ನಡೆದ ಬಾನುಲಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕಲಿ ನಗರದಲ್ಲಿರುವ ಸ್ವತಂತ್ರ ಬಾನುಲಿ ಕೇಂದ್ರ. ಎಫ್‌ಎಂ 94.1 ಮೆಗಾಹರ್ಟ್ಸ್ ತರಂಗದಲ್ಲಿ 1949ರ ಏಪ್ರಿಲ್ 15ರಂದು ಪ್ರಸಾರ ಆರಂಭಿಸಿತು. ಜಾಹೀರಾತು ಹಾಕದೆ, ಸರ್ಕಾರ, ಚರ್ಚು, ವಿಶ್ವವಿದ್ಯಾಲಯಗಳ ಆಸರೆ ಪಡೆಯದೆ, ಕೇಳುಗರು ತಾವಾಗಿ ಕೊಡುವ ಚಂದಾದಿಂದ ಕೇಂದ್ರವೊಂದನ್ನು ನಡೆಸಬಹುದೆಂದು ಆ ದೇಶದಲ್ಲಿ ಮೊದಲು ತೋರಿಸಿದ್ದು ಇದೇ. ಪರವಾನಗಿ ಇರುವುದು ಪೆಸಿಫಿಕಾ ಪ್ರತಿಷ್ಠಾನದ ಹೆಸರಿನಲ್ಲಿ, ಹಣ ಬರುವುದು ಕೇಳುಗರಿಂದ, ಮೈಕಿನ ಮುಂದೆ ಕೂರುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಹೀಗಿರುವಾಗ ಕೇಂದ್ರ ಯಾರದು? ಇದರ ಚರಿತ್ರೆಯ ಬಹುಭಾಗ ಈ ಒಂದು ಪ್ರಶ್ನೆಯ ಮೇಲಿನ ಜಗಳ.

ಸ್ಥಾಪಕ ಲೂಯಿಸ್ ಹಿಲ್ (1919–57) ಕವಿ, ಶಾಂತಿವಾದಿ. ಎರಡನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಲ್ಲೆವೆಂದವರನ್ನು ಸರ್ಕಾರ ಕೂಲಿ ಶಿಬಿರಗಳಿಗೆ ಕಳಿಸುತ್ತಿತ್ತು. ಹಿಲ್ ಅಂಥ ಶಿಬಿರದಲ್ಲಿದ್ದು ಬಂದವರು. ಆಮೇಲೆ ವಾಷಿಂಗ್ಟನ್ನಿನ ವಾಣಿಜ್ಯ ಕೇಂದ್ರವೊಂದರಲ್ಲಿ ಉದ್ಘೋಷಕರಾದರು. ತಾನು ನಂಬದ ಮಾತನ್ನು ನಂಬಿದವನಂತೆ ಓದುವುದೇ ಉದ್ಘೋಷಕನ ಕೆಲಸವಾಗಿಬಿಟ್ಟಿದೆ ಎಂಬ ಬೇಸರ ಅವರಿಗೆ ಅಲ್ಲಿ ಹತ್ತಿತು. ಆ ಕೆಲಸ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿ, 1946ರಲ್ಲಿ ಗೆಳೆಯರೊಡನೆ ಪೆಸಿಫಿಕಾ ಪ್ರತಿಷ್ಠಾನವನ್ನು ನೋಂದಾಯಿಸಿದರು. ಒಬ್ಬರನ್ನೊಬ್ಬರು ಒಪ್ಪದ ಜನ ಒಂದೆಡೆ ಕೂತು ಮಾತಾಡಿದರೆ ಯುದ್ಧಕ್ಕೆ ಕಾರಣವಾಗುವ ಹಗೆ ಕರಗೀತು ಎಂಬುದು ಈ ಗುಂಪಿನ ನಂಬಿಕೆ. ಮೊದಲು ಅವರ ಕಣ್ಣಿದ್ದದ್ದು ಹಡಗುಕಟ್ಟೆಯ ಕಾರ್ಮಿಕರು ತುಂಬಿದ್ದ ರಿಚ್ಮಂಡ್ ಊರಿನ ಮೇಲೆ, ಎಎಂ ತರಂಗದ ಮೇಲೆ. ಅದು ಕೈಗೂಡದೆ ಬರ್ಕಲಿಗೂ ಎಫ್‌ಎಂಗೂ ಬಂದರು. ಈ ಬದಲಾವಣೆ ಸಣ್ಣದಲ್ಲ: ಕಾರ್ಮಿಕರಿಗೆಂದು ಯೋಚಿಸಿದ ಕೇಂದ್ರ ಪ್ರಾಧ್ಯಾಪಕರು, ವಿದ್ಯಾರ್ಥಿಗಳು, ಕವಿಗಳ ಊರಿನಲ್ಲಿ ಹುಟ್ಟಿತು, ಅದರ ದನಿಯೂ ಹಾಗೇ ಆಯಿತು.

ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ತಮ್ಮ ಮನೆಯಿಂದ ಆಕಾಶವಾಣಿ ನಡೆಸಿದ್ದನ್ನು ಬಲ್ಲ ಕನ್ನಡ ಓದುಗರಿಗೆ ಹಿಲ್ ಅವರ ಸಾಹಸ ಹೊಸತೆನಿಸಲಾರದು. ಆದರೆ ಮೈಸೂರಿನ ಕೇಂದ್ರವನ್ನು ಕೆಲವೇ ವರ್ಷಗಳಲ್ಲಿ ಸಂಸ್ಥಾನ ವಹಿಸಿಕೊಂಡಿತು. ಬರ್ಕಲಿಯದು ಯಾವ ಸರ್ಕಾರದ ಕೈಗೂ ಹೋಗಲಿಲ್ಲ; ಹೋಗದಿದ್ದುದರ ಬೆಲೆಯನ್ನು ಅದು ವರ್ಷವರ್ಷವೂ ತೆತ್ತಿದೆ.

ಹಿಲ್ ಅವರ ಲೆಕ್ಕ ಸರಳ. ಬಾನುಲಿಯನ್ನು ಪುಕ್ಕಟೆ ಕೇಳಬಹುದು, ಹಣ ಕೊಡದವರ ಪೆಟ್ಟಿಗೆಯನ್ನು ಯಾರೂ ಆರಿಸಲಾರರು. ಹಾಗಿದ್ದೂ ಕೇಳಬಲ್ಲವರಲ್ಲಿ ನೂರಕ್ಕೆ ಇಬ್ಬರು ವರ್ಷಕ್ಕೆ ಹತ್ತು ಡಾಲರ್ ಕೊಟ್ಟರೆ ಕೇಂದ್ರ ಬದುಕುತ್ತದೆ. ಕೊಡದೆಯೂ ಸಿಗುವುದಕ್ಕೆ ಬೇಕೆಂದೇ ಕೊಡುವವನು ಗಿರಾಕಿಯಲ್ಲ, ಹೊಣೆಗಾರ ಎಂಬುದು ಅವರ ವಾದ. ಚಂದಾದಾರರಿಗೆ ಕಾರ್ಯಕ್ರಮಗಳ ವಿವರವಿದ್ದ 'ಫೋಲಿಯೊ' ಎಂಬ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಲೆಕ್ಕ ಸರಿಯಿತ್ತು, ಕಾಲ ಸರಿಯಿರಲಿಲ್ಲ. 1949ರಲ್ಲಿ ಎಫ್‌ಎಂ ಹಿಡಿಯುವ ರೇಡಿಯೋ ಇದ್ದ ಮನೆಗಳೇ ವಿರಳ. 1950ರ ಆಗಸ್ಟಿನಲ್ಲಿ ಕಾಸು ಬರಿದಾಗಿ ಪ್ರಸಾರ ನಿಂತಿತು. ಆಗ ಕೇಳುಗರೇ ಸಭೆ ಸೇರಿ ಹಣ ಕೂಡಿಸಲು ಹೊರಟರು. 1951ರ ಮೇ ತಿಂಗಳಲ್ಲಿ ಕೇಂದ್ರ ಮತ್ತೆ ಮಾತಾಡಿತು. ಅದೇ ವರ್ಷ ಫೋರ್ಡ್ ಪ್ರತಿಷ್ಠಾನದ ವಯಸ್ಕರ ಶಿಕ್ಷಣ ನಿಧಿಯಿಂದ ಒಂದೂವರೆ ಲಕ್ಷ ಡಾಲರ್ ಬಂತು. ಕೇಳುಗರ ಹಣದಿಂದಲೇ ನಿಂತ ಕೇಂದ್ರವೆಂಬ ಕಥೆ ಹೇಳುವಾಗ ಈ ದೊಡ್ಡ ದೇಣಿಗೆಯನ್ನು ಮರೆಯುವುದು ಸರಿಯಲ್ಲ.

1950ರ ದಶಕದ ಕೆಪಿಎಫ್‌ಎ ಒಂದು ವಿಚಿತ್ರ ಸಂತೆ. ಕವಿ ಕೆನೆತ್ ರೆಕ್ಸ್‌ರಾತ್ ಪುಸ್ತಕ ವಿಮರ್ಶೆ ಮಾಡುತ್ತಿದ್ದರು. ಮುಂದೆ 'ನ್ಯೂಯಾರ್ಕರ್' ಪತ್ರಿಕೆಯ ಸಿನಿಮಾ ವಿಮರ್ಶಕಿಯಾಗಿ ಹೆಸರಾದ ಪಾಲಿನ್ ಕೇಲ್ ಇಲ್ಲಿ ಚಿತ್ರಗಳ ಮಾತಾಡಿದರು. ಝೆನ್, ವೇದಾಂತಗಳನ್ನು ಅಮೆರಿಕದ ಕಿವಿಗೆ ಹೊಂದಿಸಿ ಹೇಳಿದ ಅಲನ್ ವಾಟ್ಸ್ 1953ರಿಂದ ಇಲ್ಲಿ ಉಪನ್ಯಾಸ ಕೊಡಲಾರಂಭಿಸಿದರು. ಅವರ ದನಿಮುದ್ರಿಕೆಗಳಿಗೆ ಇಂದೂ ಕೇಳುಗರಿದ್ದಾರೆ. ಸೋವಿಯತ್ ಪತ್ರಿಕೆಗಳನ್ನು ಓದಿ ವಿವರಿಸಲು ಎಡಪಂಥದ ವಿಲಿಯಂ ಮ್ಯಾಂಡೆಲ್ ಇದ್ದರೆ, ಮುಂದೆ ರೇಗನ್ ಸರ್ಕಾರದಲ್ಲಿ ರಕ್ಷಣಾ ಸಚಿವರಾದ ಕ್ಯಾಸ್ಪರ್ ವೈನ್‌ಬರ್ಗರ್ ಕೂಡ ಇದೇ ಕೇಂದ್ರದ ವ್ಯಾಖ್ಯಾನಕಾರರಾಗಿದ್ದರು. ಎದುರಾಳಿಗೂ ಮೈಕು ಕೊಡಬೇಕೆಂಬ ಈ ಉದಾರತೆ ಮುಂದಿನ ದಶಕಗಳಲ್ಲಿ ತೆಳುವಾಯಿತು. ಕೇಂದ್ರ ಭಿನ್ನಮತೀಯರ ವೇದಿಕೆಯಾಗಿ ಬೆಳೆದಷ್ಟೂ, ಭಿನ್ನಮತೀಯರನ್ನು ಒಪ್ಪದವರಿಗೆ ಅಲ್ಲಿ ಜಾಗ ಕಡಿಮೆಯಾಯಿತು.

ಹೊರಗೆ ಸಹನೆಯ ಮಾತು, ಒಳಗೆ ಕಿತ್ತಾಟ. 1953ರಲ್ಲಿ ಹಿಲ್ ಅವರನ್ನೇ ಸಹೋದ್ಯೋಗಿಗಳು ಹೊರದಬ್ಬಿದರು. ಮರುವರ್ಷ ಅವರು ಮರಳಿದರು. ದೇಹಬಾಧೆಯಿಂದ, ಈ ಜಗಳಗಳಿಂದ ದಣಿದಿದ್ದ ಅವರು 1957ರ ಆಗಸ್ಟಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಕೇಳುಗರ ಸ್ವಯಂ ಪ್ರಾಯೋಜನೆಯ ಬಗ್ಗೆ ಅವರು ಬರೆದ ಕಿರುಪುಸ್ತಕ ಅಚ್ಚಾದದ್ದು ಅವರ ಮರಣಾನಂತರ.

ಪೆಸಿಫಿಕಾ ಆಮೇಲೆ ಬೇರೆ ಊರುಗಳಿಗೂ ಹಬ್ಬಿತು: 1959ರಲ್ಲಿ ಲಾಸ್ ಏಂಜಲೀಸಿನ ಕೆಪಿಎಫ್‌ಕೆ, 1960ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಬಿಎಐ, 1970ರಲ್ಲಿ ಹೂಸ್ಟನ್ನಿನ ಕೆಪಿಎಫ್‌ಟಿ, 1977ರಲ್ಲಿ ವಾಷಿಂಗ್ಟನ್ನಿನ ಡಬ್ಲ್ಯುಪಿಎಫ್‌ಡಬ್ಲ್ಯು. ನ್ಯೂಯಾರ್ಕಿನದನ್ನು ಲೂಯಿ ಷ್ವೈಟ್ಸರ್ ಎಂಬ ಶ್ರೀಮಂತರು ಇಡಿಯಾಗಿ ದಾನ ಕೊಟ್ಟರು. ಹೂಸ್ಟನ್ನಿನ ಪ್ರಸಾರಯಂತ್ರವನ್ನು ಆರಂಭದ ವರ್ಷವೇ ಎರಡು ಸಲ ಬಾಂಬಿಟ್ಟು ಉಡಾಯಿಸಲಾಯಿತು. ಕೃತ್ಯ ಕೂ ಕ್ಲಕ್ಸ್ ಕ್ಲಾನ್‌ನವರದು.

ಸರ್ಕಾರದ ಕಣ್ಣು ಮೊದಲಿನಿಂದಲೂ ಇವರ ಮೇಲಿತ್ತು. ಗಾಂಜಾ ಸೇವನೆಯ ಅನುಭವ ಹೇಳಿಕೊಂಡವರ ಮಾತು 1954ರಲ್ಲಿ ಪ್ರಸಾರವಾದಾಗ ರಾಜ್ಯದ ಅಧಿಕಾರಿಗಳು ಟೇಪನ್ನು ವಶಪಡಿಸಿಕೊಂಡರು. 1960ರ ಮೇ ತಿಂಗಳಲ್ಲಿ ಸಂಸತ್ತಿನ 'ಅಮೆರಿಕವಿರೋಧಿ ಚಟುವಟಿಕೆ' ಸಮಿತಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಚಾರಣೆಗೆ ಕೂತಿತು. ಪ್ರತಿಭಟಿಸಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ನಗರಸಭೆಯ ಮೆಟ್ಟಿಲುಗಳಲ್ಲೇ ನೀರಿನ ಕೊಳವೆ ಹಾಯಿಸಿದರು. ಆ ಗದ್ದಲ ಕೆಪಿಎಫ್‌ಎ ಟೇಪಿನಲ್ಲಿ ಉಳಿದಿದೆ; ಸಮಿತಿಯ ಮುಂದೆ ಸಾಕ್ಷಿಗೆ ಕರೆಸಲ್ಪಟ್ಟವರಲ್ಲಿ ಮ್ಯಾಂಡೆಲ್ ಕೂಡ ಇದ್ದರು. 1962ರಲ್ಲಿ ಎಫ್‌ಬಿಐ ತೊರೆದ ಅಧಿಕಾರಿಯೊಬ್ಬರು ಸಂಸ್ಥೆಯ ಒಳಗುಟ್ಟನ್ನು ಪೆಸಿಫಿಕಾದ ಮೈಕಿನಲ್ಲಿ ಹೇಳಿದ ಮೇಲಂತೂ ಸೆನೆಟ್ಟಿನ ಉಪಸಮಿತಿ ಪ್ರತಿಷ್ಠಾನದವರನ್ನೇ ವಿಚಾರಣೆಗೆ ಕರೆಯಿತು. ಪರವಾನಗಿ ನವೀಕರಣ ನೆನೆಗುದಿಗೆ ಬಿತ್ತು. ಪರವಾನಗಿ ಕೊಡುವ ಸಂಪರ್ಕ ಆಯೋಗ ಅದನ್ನು ಕೊಟ್ಟದ್ದು 1964ರ ಆರಂಭದಲ್ಲಿ. ಅದೇ ವರ್ಷ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ವಾಕ್‌ಸ್ವಾತಂತ್ರ್ಯ ಚಳವಳಿ ಎದ್ದಾಗ, ಸ್ಪ್ರೌಲ್ ಹಾಲಿನ ಮೆಟ್ಟಿಲ ಮೇಲೆ ಮಾರಿಯೊ ಸಾವಿಯೊ ಆಡಿದ ಮಾತುಗಳನ್ನು ಹಿಡಿದಿಟ್ಟ ಮೈಕುಗಳಲ್ಲಿ ಕೆಪಿಎಫ್‌ಎಯದೂ ಒಂದು. ಕೋರ್ಟಿನ ದಾಖಲೆಗಳಲ್ಲಿ ಪೆಸಿಫಿಕಾದ ಹೆಸರು ಉಳಿದಿರುವುದು ಇನ್ನೊಂದು ಕಾರಣಕ್ಕೆ. ಹಾಸ್ಯಗಾರ ಜಾರ್ಜ್ ಕಾರ್ಲಿನ್‌ರ ಬೈಗುಳದ ಪಟ್ಟಿಯನ್ನು ನ್ಯೂಯಾರ್ಕ್ ಕೇಂದ್ರ 1973ರಲ್ಲಿ ಹಗಲಿನಲ್ಲೇ ಬಿತ್ತರಿಸಿತು. 1978ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಅದನ್ನು ಆಕ್ಷೇಪಿಸಿದ್ದ ಸಂಪರ್ಕ ಆಯೋಗದ ಪರ ತೀರ್ಪಿತ್ತಿತು. ಆ ದೇಶದ ಬಾನುಲಿಯಲ್ಲಿ ಯಾವ ಹೊತ್ತಿಗೆ ಏನು ಆಡಬಹುದೆಂಬುದಕ್ಕೆ ಇಂದಿಗೂ ಅದೇ ಆಧಾರ.

ಕೇಳುಗರಿಗೂ ಕೇಂದ್ರಕ್ಕೂ ಇದ್ದ ಒಡನಾಟ ಬರೀ ಚಂದಾದ್ದಲ್ಲ. ವರ್ಷದಲ್ಲಿ ಕೆಲವು ಸಲ ಕಾರ್ಯಕ್ರಮಗಳ ನಡುವೆ ಹಣ ಕೇಳುವ ಅಭಿಯಾನ ನಡೆಯುತ್ತದೆ. ಆಗ ಸ್ಟುಡಿಯೋದ ಪಕ್ಕದ ಕೋಣೆಯಲ್ಲಿ ಸಾಲಾಗಿ ಟೆಲಿಫೋನ್ ಇಟ್ಟುಕೊಂಡು ವಚನ ಬರೆದುಕೊಳ್ಳುವವರೂ ಕೇಳುಗರೇ. ಮುಂದೆ ಅಮೆರಿಕದ ಸಾರ್ವಜನಿಕ ಬಾನುಲಿಗಳೆಲ್ಲ ಈ ರೀತಿಯನ್ನು ರೂಢಿಸಿಕೊಂಡವು. ಕೇಳುಗರಲ್ಲಿ ಅನೇಕರಿಗೆ ಆ ವಾರಗಳು ಕಿರಿಕಿರಿ, ರೇಡಿಯೋ ಆರಿಸಿಬಿಡುತ್ತಾರೆ ಎಂಬುದೂ ನಿಜವೇ. ಕೇಂದ್ರದ ಹೆಸರಿನಲ್ಲಿ ಚಳಿಗಾಲದ ಕರಕುಶಲ ಮೇಳ, ಚರ್ಚುಗಳ ಸಭಾಂಗಣದಲ್ಲಿ ಲೇಖಕರೊಡನೆ ಸಂವಾದ, ಸಂಗೀತ ಕಛೇರಿಗಳು ನಡೆದು ಬಂದಿವೆ. ಮಹಿಳೆಯರಿಗೂ ಬಿಳಿಯರಲ್ಲದವರಿಗೂ ಪ್ರಸಾರ ವಿದ್ಯೆ ಕಲಿಸುವ ತರಬೇತಿಯೂ ಇದೆ. ಅದು ಯಾರ ಔದಾರ್ಯದಿಂದಲೂ ಬಂದದ್ದಲ್ಲ. ಬಿಳಿಯ ಮಧ್ಯಮವರ್ಗದ ಕೇಂದ್ರವಾಗಿಬಿಟ್ಟಿದೆಯೆಂದು 1970ರ ದಶಕದಲ್ಲಿ ಕರಿಯರು, ಲ್ಯಾಟಿನೋಗಳು, ಏಷ್ಯಾ ಮೂಲದವರು ದನಿಯೆತ್ತಿ, 1974ರಲ್ಲಿ ಮುಷ್ಕರವೇ ನಡೆದು, ಪ್ರಸಾರದ ವೇಳೆಯಲ್ಲಿ ಪಾಲು ಪಡೆದರು. ಅದೇ ವರ್ಷ ಪತ್ರಿಕೋದ್ಯಮಿ ಮನೆತನದ ಪ್ಯಾಟಿ ಹರ್ಸ್ಟ್‌ಳನ್ನು ಅಪಹರಿಸಿದ ಉಗ್ರ ಗುಂಪು ತನ್ನ ಟೇಪನ್ನು ತಲುಪಿಸಿದ್ದು ಕೆಪಿಎಫ್‌ಎಗೆ. ಊರಿನ ಯಾವ ಮೂಲೆಯ ಮಾತೂ ಇಲ್ಲಿಗೆ ಬಂದು ಮುಟ್ಟುತ್ತಿತ್ತು, ಬೇಡವಾದದ್ದೂ ಸೇರಿ.

ಕೇಂದ್ರದ ಬೆನ್ನೆಲುಬು ಸುದ್ದಿ ಮತ್ತು ನೇರ ಪ್ರಸಾರ. 1987ರ ಇರಾನ್–ಕಾಂಟ್ರಾ ವಿಚಾರಣೆಯನ್ನು ಲ್ಯಾರಿ ಬೆನ್ಸ್ಕಿ ಪೆಸಿಫಿಕಾ ಕೇಂದ್ರಗಳಿಗಾಗಿ ಆದ್ಯಂತ ನಡೆಸಿಕೊಟ್ಟರು. ಏಮಿ ಗುಡ್‌ಮನ್ ಅವರ 'ಡೆಮಾಕ್ರಸಿ ನೌ!' 1996ರಲ್ಲಿ ಪೆಸಿಫಿಕಾದಲ್ಲೇ ಹುಟ್ಟಿತು. ಈ ಭಾಗ ನಮ್ಮಲ್ಲಿ ಬೆಳೆಯದೆ ಉಳಿದಿದೆ. ಭಾರತದ 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು, ಸ್ವಂತ ಸುದ್ದಿಗೆ ಮಾತ್ರ ಬೀಗ ಹಾಕಿತು. ಕೋಲಾರ ಜಿಲ್ಲೆ ಬೂದಿಕೋಟೆಯ 'ನಮ್ಮ ಧ್ವನಿ' ಆ ನೀತಿ ಬರುವ ಮುನ್ನವೇ ಧ್ವನಿವರ್ಧಕ, ಕೇಬಲ್ ತಂತಿಗಳ ಮೂಲಕ ಹಳ್ಳಿಯ ಮಾತನ್ನು ಹಳ್ಳಿಗೆ ಕೇಳಿಸಿತ್ತು.

ಯಾರದು ಎಂಬ ಪ್ರಶ್ನೆ ಬೀದಿಗೆ ಬಂದದ್ದು 1999ರಲ್ಲಿ. ಆವರೆಗೆ ಸ್ಥಳೀಯ ಮಂಡಳಿಗಳಿಂದ ಪ್ರತಿನಿಧಿಗಳು ರಾಷ್ಟ್ರೀಯ ಮಂಡಳಿಗೆ ಹೋಗುತ್ತಿದ್ದರು. ಫೆಬ್ರವರಿಯಲ್ಲಿ ಮಂಡಳಿ ನಿಯಮ ತಿದ್ದಿ, ತನ್ನ ಸದಸ್ಯರನ್ನು ತಾನೇ ಆರಿಸಿಕೊಳ್ಳತೊಡಗಿತು. ಮಾರ್ಚ್ ಕೊನೆಗೆ ಜನಪ್ರಿಯ ವ್ಯವಸ್ಥಾಪಕಿ ನಿಕೋಲ್ ಸವಾಯಾ ಅವರನ್ನು ಮನೆಗೆ ಕಳಿಸಲಾಯಿತು. ಅದನ್ನು ಮೈಕಿನಲ್ಲಿ ಟೀಕಿಸಿದ ಬೆನ್ಸ್ಕಿಯೂ ಕೆಲಸ ಕಳೆದುಕೊಂಡರು. ಒಳಜಗಳವನ್ನು ಪ್ರಸಾರದಲ್ಲಿ ಆಡಕೂಡದೆಂದು ಕಟ್ಟಪ್ಪಣೆಯಾಯಿತು. ವಾಕ್‌ಸ್ವಾತಂತ್ರ್ಯಕ್ಕೆ ಹೆಸರಾದ ಸಂಸ್ಥೆ ತನ್ನವರ ಬಾಯಿಗೇ ಬಟ್ಟೆ ತುರುಕಿತ್ತು. ಜುಲೈನಲ್ಲಿ ಮಂಡಳಿಯ ಹೂಸ್ಟನ್ ಸದಸ್ಯರೊಬ್ಬರ ಇಮೇಲ್ ವಿಳಾಸ ತಪ್ಪಿ ಮಾಧ್ಯಮ ಹೋರಾಟಗಾರರ ಕೈ ಸೇರಿತು. ಅದರಲ್ಲಿದ್ದದ್ದು ಬರ್ಕಲಿಯ ಅಥವಾ ನ್ಯೂಯಾರ್ಕಿನ ತರಂಗಾಂತರವನ್ನು ಕೋಟ್ಯಂತರ ಡಾಲರಿಗೆ ಮಾರುವ ಯೋಚನೆ. ಜುಲೈ 13ರ ಸಂಜೆ ಡೆನಿಸ್ ಬರ್ನ್‌ಸ್ಟೀನ್ ತಮ್ಮ ಕಾರ್ಯಕ್ರಮದಲ್ಲಿ ಈ ಸುದ್ದಿ ಎತ್ತಿದರು. ಕಾವಲುಗಾರರು ಅವರನ್ನು ಹೊರಗೆ ಹಾಕಲು ಬಂದರು; ಆ ಕೂಗಾಟ ಪ್ರಸಾರವಾಗುತ್ತಿರುವಾಗಲೇ ಸುದ್ದಿಕೋಣೆಯಿಂದ ಅದರ ವರದಿಯೂ ಬಂತು, ಆಮೇಲೆ ಹಳೆಯ ಟೇಪು ಹಾಕಿ ದನಿ ಕತ್ತರಿಸಲಾಯಿತು. ರಾತ್ರಿಯೊಳಗೆ ಐವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ಸಿಬ್ಬಂದಿ ಹೊರಗೆ, ಕಿಟಕಿಗಳಿಗೆ ಹಲಗೆ, ಬೀದಿಯಲ್ಲಿ ಡೇರೆ ಹಾಕಿ ಕೂತ ಕೇಳುಗರು. ಜುಲೈ 31ರಂದು ಸುಮಾರು ಹತ್ತು ಸಾವಿರ ಜನ ಮೆರವಣಿಗೆ ಹೊರಟರು. ಒಂದು ಎಫ್‌ಎಂ ಕೇಂದ್ರಕ್ಕಾಗಿ ಇಷ್ಟು ಜನ ಬೀದಿಗಿಳಿದದ್ದು ಎಲ್ಲೇ ಆದರೂ ಅಪರೂಪ. ಆಗಸ್ಟ್ ಆರಂಭದ ಹೊತ್ತಿಗೆ ಸಿಬ್ಬಂದಿ ಒಳಗೆ ಮರಳಿದರು.

ಕೇಳುಗರು, ಸ್ಥಳೀಯ ಮಂಡಳಿಗಳು ಹೂಡಿದ್ದ ಮೊಕದ್ದಮೆಗಳು 2001ರ ಡಿಸೆಂಬರಿನಲ್ಲಿ ರಾಜಿಯಾದವು. 2003ರ ಹೊಸ ನಿಯಮಾವಳಿಯಂತೆ ವರ್ಷಕ್ಕೆ 25 ಡಾಲರ್ ಕೊಟ್ಟವರಿಗೆ ಮತದಾನದ ಹಕ್ಕು ಬಂತು. ಹಣವಿಲ್ಲದವರು ಮೂರು ಗಂಟೆ ಕೇಂದ್ರದ ಕೆಲಸ ಮಾಡಿದರೂ ಸಾಕು. ಕೇಳುಗರೂ ಸಿಬ್ಬಂದಿಯೂ ಬೇರೆಬೇರೆಯಾಗಿ ಮಂಡಳಿಯ ಸದಸ್ಯರನ್ನು ಆರಿಸುತ್ತಾರೆ, ಸ್ಥಳೀಯ ಮಂಡಳಿಗಳು ರಾಷ್ಟ್ರೀಯ ಮಂಡಳಿಗೆ ಆಳು ಕಳಿಸುತ್ತವೆ. ಹಿಲ್ ಅವರ ವ್ಯವಸ್ಥೆಯಲ್ಲಿ ಹಣ ಕೊಟ್ಟವನಿಗೆ ಹೊಣೆಯಿತ್ತು, ಮತವಿರಲಿಲ್ಲ. ಅರ್ಧ ಶತಮಾನದ ಮೇಲೆ ಅದು ಸಿಕ್ಕಿತು.

ಮತ ಬಂದ ಮೇಲೆ ಪಕ್ಷಗಳೂ ಬಂದವು. ಚುನಾವಣೆಯ ಖರ್ಚು, ಬಣಗಳ ಕೋರ್ಟು ವ್ಯಾಜ್ಯ, ಕುಗ್ಗುವ ಚಂದಾ ಮೂರೂ ಸೇರಿ ಪ್ರತಿಷ್ಠಾನ ಸಾಲಕ್ಕೆ ಬಿತ್ತು. ನ್ಯೂಯಾರ್ಕ್ ಕೇಂದ್ರ ಎಂಪೈರ್ ಸ್ಟೇಟ್ ಕಟ್ಟಡದ ನೆತ್ತಿಯ ಮೇಲಿನ ಪ್ರಸಾರಸ್ತಂಭಕ್ಕೆ ಬಾಡಿಗೆ ಬಾಕಿ ಉಳಿಸಿಕೊಂಡಿದ್ದಕ್ಕೆ 2017ರಲ್ಲಿ ತೀರ್ಪು ಬಂದು, ಬರ್ಕಲಿಯ ಆಸ್ತಿಗೂ ಕುತ್ತು ತಟ್ಟುವ ಭಯ ಹುಟ್ಟಿತು. ಮರುವರ್ಷ ದೊಡ್ಡ ಸಾಲ ಎತ್ತಿ ಅದನ್ನು ತೀರಿಸಲಾಯಿತು. 2019ರ ಅಕ್ಟೋಬರಿನಲ್ಲಿ ಪ್ರತಿಷ್ಠಾನದ ಅಧಿಕಾರಿಗಳು ನ್ಯೂಯಾರ್ಕ್ ಕೇಂದ್ರಕ್ಕೆ ಬೀಗ ಜಡಿದು ಸಿಬ್ಬಂದಿಯನ್ನು ತೆಗೆದರು. ಇಪ್ಪತ್ತು ವರ್ಷದ ಹಿಂದೆ ಬರ್ಕಲಿಯಲ್ಲಿ ನಡೆದದ್ದೇ ಅಲ್ಲಿ ಮರುಕಳಿಸಿದಂತಿತ್ತು. ಕೋರ್ಟು ನವೆಂಬರಿನಲ್ಲಿ ಬೀಗ ತೆಗೆಸಿತು. ಚುನಾಯಿತ ಮಂಡಳಿಯ ವ್ಯವಸ್ಥೆಯನ್ನೇ ಬದಲಿಸುವ ಹೊಸ ನಿಯಮಾವಳಿಯನ್ನು 2020ರಲ್ಲಿ ಸದಸ್ಯರ ಮುಂದಿಟ್ಟಾಗ ಅವರು ಅದನ್ನು ತಳ್ಳಿಹಾಕಿದರು.