ಹೆಗಲಿಗೆ ಒದೆಯದ ಈಡು

ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳ ಘಟ್ಟದ ಬುಡದ ಹಳ್ಳಿಗಳಲ್ಲಿ ಕೋವಿಯ ಹೊಡೆತಕ್ಕೆ ‘ಈಡು’ ಎನ್ನುತ್ತಾರೆ. ರಾತ್ರಿ ಗದ್ದೆಯ ಮಾಳದಲ್ಲಿ ಕಾವಲು ಕೂತವನು ಕಡವೆಯ ಮೇಲೋ ಕಾಡುಹಂದಿಯ ಮೇಲೋ ಹಾರಿಸುತ್ತಿದ್ದ ಒಂದು ಈಡಿನಿಂದ ಎರಡು ಕಡೆ ಪೆಟ್ಟು ಬೀಳುತ್ತಿತ್ತು. ಒಂದು ಪ್ರಾಣಿಗೆ, ಇನ್ನೊಂದು ಹಾರಿಸಿದವನ ಹೆಗಲಿಗೆ. ಮದ್ದು ಹೆಚ್ಚಾದರೆ ಹೆಗಲು ಬಾತುಕೊಳ್ಳುತ್ತಿತ್ತು. ಕಡಿಮೆಯಾದರೆ ಗಾಯಗೊಂಡ ಪ್ರಾಣಿ ಕಾಡು ಸೇರಿ, ಯಾರ ಕಣ್ಣಿಗೂ ಬೀಳದೆ ನರಳಿ ಸಾಯುತ್ತಿತ್ತು. ಹಾಗಾಗಿ ಸರಿಯಾದ ಅಳತೆಯ ಈಡು ತುಂಬುವುದು ಇಲ್ಲಿ ಒಂದು ವಿದ್ಯೆಯೇ ಆಗಿತ್ತು.

ಸಮುದ್ರದಿಂದ ಬಂದ ಸದ್ದು

ಈ ಕರಾವಳಿಗೆ ಸಿಡಿಮದ್ದಿನ ಪರಿಚಯ ಹಳೆಯದು. 1502ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಭಟ್ಕಳವನ್ನು ಬೆದರಿಸಿ ಕಪ್ಪ ಒಪ್ಪಿಸಿಕೊಂಡವು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಹೊನ್ನಾವರದ ಮೇಲೆ ದಾಳಿ ಮಾಡಿ ಹಡಗುಗಳನ್ನು ಸುಟ್ಟ. ಮುಂದೆ ಕಾಳುಮೆಣಸಿನ ವ್ಯಾಪಾರಕ್ಕಾಗಿ ಗೇರುಸೊಪ್ಪೆಯ ಅರಸರಿಗೂ ಪೋರ್ಚುಗೀಸರಿಗೂ ನಡೆದ ಜಗಳಗಳಲ್ಲಿ ತುಪಾಕಿ, ಫಿರಂಗಿಗಳು ಮಾಮೂಲಾದವು. 1783-84ರಲ್ಲಿ ಟಿಪ್ಪುವಿನ ಸೇನೆ ಇಂಗ್ಲಿಷರ ವಶದಲ್ಲಿದ್ದ ಹೊನ್ನಾವರದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು.

ಆದರೆ ಯುದ್ಧದ ತುಪಾಕಿ ರೈತನ ಕೈಯ ಕೋವಿಯಾಗಲು ಮಳೆ ಅಡ್ಡಿಯಾಗಿತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಬತ್ತಿಗೆ ಬೆಂಕಿ ತಾಗಿಸಿ ಹಾರಿಸುವ ಕೋವಿ ಅರ್ಧ ವರ್ಷ ಕೆಲಸಕ್ಕೆ ಬಾರದು. ಇದಕ್ಕೆ ಪರಿಹಾರ ದೊರೆತದ್ದು ದೂರದ ಸ್ಕಾಟ್‌ಲೆಂಡಿನಲ್ಲಿ. ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಕಿಡಿ ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ತಾಮ್ರದ ಪುಟ್ಟ ಟೊಪ್ಪಿಗೆಯಾಯಿತು. ನಮ್ಮ ಹಳ್ಳಿಗರ ಬಾಯಲ್ಲಿ ಅದು ‘ಕೇಪು’, ಅದನ್ನು ಬಳಸುವುದು ‘ಕೇಪಿನ ಕೋವಿ’.

ಅಳತೆಯ ವಿದ್ಯೆ

ಕೇಪಿನ ಕೋವಿಗೆ ಬಾಯಿಯಿಂದಲೇ ತುಂಬಬೇಕು. ಮೊದಲು ಮದ್ದು, ಅದರ ಮೇಲೆ ತೆಂಗಿನ ನಾರು, ಆಮೇಲೆ ಚರೆ ಅಥವಾ ಗುಂಡು, ಅದು ಉರುಳಿ ಬೀಳದಂತೆ ಮತ್ತೆ ನಾರು. ಪ್ರತಿಯೊಂದನ್ನೂ ಗಜದಿಂದ ಜಡಿಯಬೇಕು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿ ಆಗುವ ಕರಿಮದ್ದಿನಲ್ಲಿ ಪೆಟ್ಲುಪ್ಪಿನ ಪಾಲು ಮುಕ್ಕಾಲು.

ಎಷ್ಟು ಮದ್ದು, ಎಷ್ಟು ಸೀಸ ಎಂಬುದು ಎದುರಿನ ಪ್ರಾಣಿಯನ್ನು ಅವಲಂಬಿಸಿತ್ತು. ಕಾಡುಕುರಿ ಸುಮಾರು ಇಪ್ಪತ್ತು, ಇಪ್ಪತ್ತೈದು ಕಿಲೋ ತೂಗುತ್ತದೆ. ಬಲಿತ ಗಂಡು ಕಡವೆ ಇನ್ನೂರು ಕಿಲೋ ಮೀರುತ್ತದೆ. ಮೊದಲನೆಯದಕ್ಕೆ ಸಾಕಾಗುವ ಚರೆ ಎರಡನೆಯದರ ಚರ್ಮದಡಿ ಸಿಕ್ಕಿಕೊಂಡು ಕೀವಾಗುತ್ತದೆಯೇ ಹೊರತು ಕೊಲ್ಲುವುದಿಲ್ಲ. ಕಡವೆಗೆ ಒಂಟಿ ಗುಂಡೇ ಬೇಕು. ಹನ್ನೆರಡು ಬೋರಿನ ಕೋವಿಯೆಂದರೆ, ಅದರ ನಳಿಗೆಗೆ ಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗುತ್ತವೆ ಎಂದರ್ಥ. ಹಾಗೆ ಲೆಕ್ಕ ಹಾಕಿದರೆ ಒಂದು ಗುಂಡಿನ ತೂಕ ಸುಮಾರು 38 ಗ್ರಾಂ.

ಹೆಗಲಿಗೆ ಪೆಟ್ಟು ಬೀಳುವುದು ನ್ಯೂಟನ್ನನ ನಿಯಮದಂತೆ. ಗುಂಡು ಮತ್ತು ಮದ್ದಿನ ಹೊಗೆ ಎಷ್ಟು ರಭಸದಿಂದ ಮುಂದೆ ಹೋಗುತ್ತವೋ ಅದಕ್ಕೆ ತಕ್ಕಂತೆ ಕೋವಿ ಹಿಂದೆ ಬರುತ್ತದೆ. ಕೋವಿ ಭಾರವಾಗಿದ್ದರೆ ಒದೆತ ಕಡಿಮೆ. ಈಡನ್ನು ಹಗುರ ಮಾಡಿ ಕೋವಿಯ ಹಿಮ್ಮುಖ ವೇಗವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿದರೆ ಒದೆತದ ಶಕ್ತಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಗುರಿ ತಪ್ಪುತ್ತಾನೆ. ಆದ್ದರಿಂದ ಹಗುರ ಈಡಿನಲ್ಲಿ ಗುರಿ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ದೂರದ ಪ್ರಾಣಿಯನ್ನು ಬೀಳಿಸುವ ಬಲವಿಲ್ಲ. ಹತ್ತಿರ ಬರುವವರೆಗೆ ಕಾಯುವ ತಾಳ್ಮೆಯಿದ್ದವನಿಗೆ ಮಾತ್ರ ಅದು ಹೇಳಿದ್ದು.

ಮುಂದೆ ತೋಟಾ ಕೋವಿ ಬಂದಾಗ ಅಳೆಯುವ ಕೆಲಸ ಕಾರ್ಖಾನೆಗೆ ಹೋಯಿತು. ಒಂದು ಔನ್ಸಿಗೆ ಆರು ಚರೆಗಳಿದ್ದರೆ ‘ಎಲ್‌ಜಿ’, ಎಂಟಿದ್ದರೆ ‘ಎಸ್‌ಜಿ’. ಅಂಗಡಿಯಲ್ಲಿ ಈ ಅಕ್ಷರ ಹೇಳಿದರೆ ಸಾಕು, ತೋಟಾ ಕೈಗೆ ಬರುತ್ತಿತ್ತು.

ಒಂದೇ ವರ್ಷ, ಎರಡು ಕಾನೂನು

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹದಿನಾರು ವರ್ಷಗಳ ನಂತರ, 1878ರಲ್ಲಿ, ಬ್ರಿಟಿಷ್ ಸರ್ಕಾರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅರಣ್ಯ ಕಾಯ್ದೆ ಎರಡನ್ನೂ ತಂದಿತು. ಒಂದು ಕೋವಿಗೆ ಪರವಾನಗಿ ಕೇಳಿತು, ಇನ್ನೊಂದು ಕಾಡಿಗೆ ಬೇಲಿ ಹಾಕಿತು. ಶಸ್ತ್ರಾಸ್ತ್ರ ಕಾಯ್ದೆಯಿಂದ ಯುರೋಪಿಯನ್ನರಿಗೆ ವಿನಾಯಿತಿಯಿತ್ತು. ಕೊಡವರಿಗೂ ವಿನಾಯಿತಿ ಸಿಕ್ಕಿತು, ಅದು ಇಂದಿಗೂ ಮುಂದುವರಿದಿದೆ. ಉತ್ತರ ಕನ್ನಡದ ರೈತನಿಗೆ ಮಾತ್ರ ಕಚೇರಿಯ ಬಾಗಿಲೇ ಗತಿಯಾಯಿತು.

ಸ್ವತಂತ್ರ ಭಾರತದ 1959ರ ಕಾಯ್ದೆ, ಬೆಳೆ ರಕ್ಷಣೆಗೆಂದು ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವುದನ್ನು ಹೆಸರಿಸಿಯೇ ಹೇಳಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆರಂಭದಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ಅವಕಾಶ ಇಟ್ಟುಕೊಂಡಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕಡವೆ, ಜಿಂಕೆ, ಕಾಡುಕುರಿಗಳ ಬೇಟೆ ಅಲ್ಲಿಗೆ ಅಪರಾಧವಾಯಿತು. ಬೆಳೆ ನಾಶ ಮಾಡುವ ಕೆಲವು ಪ್ರಾಣಿಗಳನ್ನು ಕೊಲ್ಲಲೂ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು.

ಉಳಿದಿರುವ ಕೋವಿ

ಬೇಟೆ ನಿಂತರೂ ಬೆಳೆಯ ಕಾವಲು ನಿಂತಿಲ್ಲ. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬರುತ್ತಲೇ ಇವೆ. ಅತ್ತ ಕಾಡಿನ ಜೀವಿಗಳಿಗೂ ನೆಲೆ ಬೇಕು. ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ, 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯ ಘೋಷಣೆಯಾದವು. ಇವುಗಳ ನಡುವೆ ಗದ್ದೆ ಮಾಡುವವನ ಬಳಿ ಇರುವುದು ಅಜ್ಜನ ಕಾಲದ ಕೋವಿ. ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಒಪ್ಪಿಸುವಂತೆ ಆದೇಶ ಬರುತ್ತದೆ. ಹಂದಿಗೆ ನೀತಿಸಂಹಿತೆ ಇಲ್ಲವಲ್ಲ ಎಂಬುದು ರೈತರ ಅಳಲು.

ಕಾನೂನು ಮೀರದೆ ಬೆಳೆ ಕಾಯಬೇಕಾದವನಿಗೆ ಈಗ ಉಳಿದಿರುವುದು ಒಂದೇ ಬಗೆಯ ಈಡು. ಚರೆಯಿಲ್ಲದೆ, ಗುಂಡಿಲ್ಲದೆ ಬರೀ ಮದ್ದು ಮತ್ತು ನಾರು ತುಂಬಿ ಆಕಾಶಕ್ಕೆ ಹಾರಿಸಿದರೆ ದೊಡ್ಡ ಸದ್ದಾಗುತ್ತದೆ, ಪ್ರಾಣಿ ಓಡುತ್ತದೆ. ಮುಂದೆ ಹೋಗುವ ಭಾರ ತೀರಾ ಕಡಿಮೆಯಾದ್ದರಿಂದ ಹೆಗಲಿಗೆ ಒದೆತವೂ ಅಷ್ಟಾಗಿ ತಾಗುವುದಿಲ್ಲ. ಓಡಿದ ಹಂದಿ ಮರುರಾತ್ರಿ ಮತ್ತೆ ಬರುತ್ತದೆ, ಮಾಳದಲ್ಲಿ ಕಾವಲೂ ಮುಂದುವರಿಯುತ್ತದೆ.